ಓಡುವ ಮನೆಯ ಸೂರು

ಕಗ್ಗದಾಸಪುರದ ಹೆಸರನ್ನು ಬೆಂಗಳೂರಿನ ಉಳಿದ ಭಾಗದವರು ಕೇಳಿರುವುದು ಹೆಚ್ಚಾಗಿ ಅಲ್ಲಿನ ರೈಲ್ವೆ ಗೇಟಿನ ದೆಸೆಯಿಂದ. ಬೈಯಪ್ಪನಹಳ್ಳಿಯಿಂದ ಹೊಸೂರು, ಧರ್ಮಪುರಿಗಳ ಮೇಲೆ ಸೇಲಂಗೆ ಹೋಗುವ ಹಳಿ ಈ ಹಳೆಯ ಹಳ್ಳಿಯ ರಸ್ತೆಯನ್ನು ಅಡ್ಡ ಹಾಯುತ್ತದೆ. ಗೇಟು ಬಿದ್ದಾಗ ಎರಡೂ ಕಡೆ ಸ್ಕೂಟರು, ಆಟೊ, ನೀರಿನ ಟ್ಯಾಂಕರುಗಳು ಸಾಲುಗಟ್ಟಿ ನಿಂತು, ರೈಲು ಯಾವಾಗ ಹೋದೀತೆಂದು ಕಾದ ವರ್ಷಗಳು ಬಹಳ. ಹಾಗೆ ಕಾದವರೆಲ್ಲ ರೈಲಿನ ಚಕ್ರ ಕಂಡಿದ್ದಾರೆ, ಕಿಟಕಿಯ ಸರಳು ಹಿಡಿದು ಕೂತ ಮಕ್ಕಳನ್ನು ಕಂಡಿದ್ದಾರೆ. ಚಾವಣಿಯನ್ನು ಮಾತ್ರ ಕಂಡಿಲ್ಲ. ಅದು ಕಾಣುವುದು ಹಳಿಯ ಪಕ್ಕದ ಮನೆಗಳ ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುವವರಿಗೆ.

ಮನೆಯ ಸೂರಾದರೂ ಅಷ್ಟೇ. ಸೋರುವವರೆಗೆ ಅದರ ನೆನಪೇ ಯಾರಿಗೂ ಇರುವುದಿಲ್ಲ. ಆದರೆ ನಿಂತ ಮನೆಯ ಸೂರಿಗೂ ಓಡುವ ಮನೆಯ ಸೂರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಎತ್ತಿನ ಗಾಡಿಯ ಕಮಾನಿನಿಂದ ಹಿಡಿದು ಈಗ ಕ್ಯಾರವಾನ್ ಎಂದು ಕರೆಯುವ ಪ್ರವಾಸಿ ವಾಹನದವರೆಗೆ, ಮನುಷ್ಯ ತನ್ನ ಜೊತೆಗೆ ಒಯ್ದ ಚಾವಣಿಗಳ ಚರಿತ್ರೆಯೆಲ್ಲ ಈ ವ್ಯತ್ಯಾಸದ ಚರಿತ್ರೆಯೇ. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಕಗ್ಗದಾಸಪುರದ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಎಚ್‌ಎಎಲ್ ಮತ್ತು ಬಿಇಎಂಎಲ್ ಕಾರ್ಖಾನೆಗಳ ಕಾಂಪೌಂಡಿನೊಳಗೆ.

ನಿಂತ ಮನೆಯ ಹೆಂಚಿನ ಸೂರನ್ನು ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ದಂಡುಪ್ರದೇಶದ ಬಂಗಲೆಗಳಿಗೂ ಬಂತು. ಈ ಹೆಂಚನ್ನು ಯಾರೂ ಮೊಳೆ ಹೊಡೆದು ಕೂರಿಸುವುದಿಲ್ಲ. ಒಂದರ ತುಟಿ ಇನ್ನೊಂದರ ಮೇಲೆ ಕೂತು, ತನ್ನ ಭಾರದಿಂದಲೇ ನಿಲ್ಲುತ್ತದೆ. ಬೆಕ್ಕು ಓಡಾಡಿಯೋ ತೆಂಗಿನ ಗರಿ ಬಿದ್ದೋ ಜರುಗಿದರೆ, ಮಳೆಗೆ ಮೊದಲು ಆಳು ಹತ್ತಿ ಹೆಂಚು ಕೈಯಾಡಿಸಿದರೆ ಆಯಿತು. ನೀರಿಗೆ ಇಳಿಜಾರು ಸಾಕು, ಅಂಟು ಬೇಡ. ಆದರೆ ಇದೇ ಸೂರನ್ನು ಚಕ್ರದ ಮೇಲೆ ಇಟ್ಟು ನಾಲ್ಕು ಮಾರು ಎಳೆದರೆ ಮೊದಲ ಹಳ್ಳಕ್ಕೇ ಹೆಂಚೆಲ್ಲ ನೆಲಕ್ಕೆ. ಓಡುವ ಮನೆಯ ಸೂರು ಹಗುರವಿರಬೇಕು, ಬಾಗಬೇಕು, ಬಿಗಿಯಾಗಿ ಕಟ್ಟಿರಬೇಕು. ಬಿಗಿಯಾಗಿ ಕಟ್ಟಿದ್ದು ಕುಲುಕಿದಷ್ಟೂ ಸಡಿಲವಾಗುತ್ತದೆ. ಹೀಗಾಗಿ ಇಂಥ ಚಾವಣಿ ಸೋರುವುದು ನಡುವಿನಲ್ಲಲ್ಲ, ಸಂದಿನಲ್ಲಿ. ತಗಡಾಗಲಿ ಚಾಪೆಯಾಗಲಿ ಎರಡು ತುಂಡು ಸೇರುವಲ್ಲಿ, ಅಥವಾ ಯಾರೋ ಯಾವುದಕ್ಕೋ ತೂತು ಕೊರೆದಲ್ಲಿ.

ಕಮಾನಿನ ಕಾಲ

ನಮ್ಮಲ್ಲಿ ಚಕ್ರದ ಮೇಲೆ ಮನೆ ಹೂಡಿಕೊಂಡು ಸಂತೋಷಕ್ಕಾಗಿ ಊರು ಬಿಡುವುದು ಹೊಸದೇನೂ ಅಲ್ಲ. ಜಾತ್ರೆಗೆ ಹೋಗುವುದೆಂದರೆ ಅದೇ. ಹಳೇ ಮೈಸೂರಿನ ಕಡೆ ಸವಾರಿ ಗಾಡಿ, ಕಮಾನು ಗಾಡಿ ಎಂದೂ, ಬಳ್ಳಾರಿ, ಹಾವೇರಿಗಳ ಕಡೆ ಕೊಲ್ಲಾರಿ ಬಂಡಿ ಎಂದೂ ಕರೆಯುವ ಈ ವಾಹನದಲ್ಲಿ ಹೆಂಗಸರು, ಮಕ್ಕಳು, ಅಕ್ಕಿ ಬೇಳೆ, ಪಾತ್ರೆ ಪಡಗ ಎಲ್ಲ ಹಿಡಿಸುತ್ತಿದ್ದವು. ಮೈಲಾರ, ಕೊಟ್ಟೂರುಗಳ ಜಾತ್ರೆಗೆ ಕೊಲ್ಲಾರಿ ಬಂಡಿಗಳ ಸಾಲು ಹೊರಡುತ್ತಿತ್ತು. ಬೆಂಗಳೂರಿನ ಸುತ್ತಲಿನ ರೈತರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ ಅಲ್ಲೇ ದಿನಗಟ್ಟಲೆ ಬೀಡು ಬಿಡುತ್ತಿದ್ದರು. ನೊಗ ಇಳಿಸಿ, ಮೂಕಿಗೆ ಕೋಲು ಕೊಟ್ಟು ಗಾಡಿಯನ್ನು ಸಮ ಮಾಡಿದರೆ ಅದೇ ಮಲಗುವ ಕೋಣೆ. ಅಚ್ಚಿನ ಕೆಳಗಿನ ನೆರಳು ಅಡುಗೆಮನೆ. ಇಂದು ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳುವ ಪ್ರವಾಸಿ ವಾಹನದ ನಕ್ಷೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಈ ಗಾಡಿಯ ಸೂರು ಬಿದಿರಿನದು. ಬಿದಿರನ್ನು ಸೀಳಿ ದಬ್ಬೆ ಮಾಡಿ, ಬಗ್ಗಿಸಿ, ಎರಡೂ ತುದಿಯನ್ನು ಗಾಡಿಯ ಅಕ್ಕಪಕ್ಕಕ್ಕೆ ಸಿಕ್ಕಿಸಿದರೆ ಕಮಾನು. ನಾಲ್ಕಾರು ಕಮಾನುಗಳ ಮೇಲೆ ಉದ್ದುದ್ದ ದಬ್ಬೆ ಹಾಯಿಸಿ ಹುರಿಯಿಂದ ಬಿಗಿದರೆ ಹಂದರ. ಅದರ ಮೇಲೆ ಮೇದರು ಹೆಣೆದ ತಟ್ಟಿ, ಈಚಲು ಚಾಪೆ ಅಥವಾ ಗೋಣಿತಾಟು. ಇಡೀ ಸೂರನ್ನು ಇಬ್ಬರು ಎತ್ತಿ ಪಕ್ಕಕ್ಕಿಡಬಹುದು. ಗೊಬ್ಬರ ಹೇರುವಾಗ ಅದು ಕೊಟ್ಟಿಗೆಯ ಗೋಡೆಗೆ ಒರಗಿರುತ್ತದೆ, ಜಾತ್ರೆಯ ಹೊತ್ತಿಗೆ ಗಾಡಿಯೇರುತ್ತದೆ.

ಅದರ ಆರೈಕೆಯೂ ಅಷ್ಟೇ ಸರಳ. ಆದರೆ ತಿಳಿದು ಮಾಡಬೇಕಾದದ್ದು. ಹಸಿ ಬಿದಿರಿನಲ್ಲಿ ಪಿಷ್ಟ ಇರುತ್ತದೆ. ಕೊರೆಯುವ ಹುಳುವಿಗೆ ಬೇಕಾದದ್ದು ಅದೇ. ಆದ್ದರಿಂದ ಕಡಿದ ಬಿದಿರನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ಪಿಷ್ಟ ಕರಗಿ ಹೋಗುವಂತೆ ಮಾಡುತ್ತಿದ್ದರು. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೀಳದೆಂಬ ನಂಬಿಕೆಯೂ ಇತ್ತು. ಅಡುಗೆಮನೆಯ ಅಟ್ಟದ ಹೊಗೆ ತಾಗಿದ ದಬ್ಬೆ ಇನ್ನೂ ಬಾಳಿಕೆ. ಕಟ್ಟುವಾಗ ಹುರಿಯನ್ನು ನೆನೆಸಿ ಬಿಗಿಯಬೇಕು. ಒಣಗಿದ ಮೇಲೆ ಅದು ಇನ್ನಷ್ಟು ಬಿಗಿಯುತ್ತದೆ. ದಾರಿಯಲ್ಲಿ ಗಂಟು ಸಡಿಲಿಸಿದರೆ ಗಾಡಿ ಹೊಡೆಯುವವನೇ ಇಳಿದು ಬಿಗಿಯುತ್ತಾನೆ. ಅದಕ್ಕೆ ಬೇರೆ ಕಸುಬಿನವನು ಬೇಕಿಲ್ಲ.

ಮಳೆಯ ಮಾತು ಬೇರೆ. ತಟ್ಟಿಯಾಗಲಿ ಚಾಪೆಯಾಗಲಿ ಬಿಸಿಲು ತಡೆಯುತ್ತದೆ, ಜಡಿ ಮಳೆ ತಡೆಯದು. ಆಗ ಹೊರಬರುತ್ತಿದ್ದುದು ಕಂಬಳಿ. ಕುರಿಯ ಉಣ್ಣೆಯಲ್ಲಿ ಸಹಜವಾಗಿಯೇ ಒಂದು ಜಿಡ್ಡು ಇರುತ್ತದೆ. ಕುರುಬರು ಕೈಮಗ್ಗದಲ್ಲಿ ನೇಯ್ದ ಕಂಬಳಿಯಲ್ಲಿ ಆ ಜಿಡ್ಡು ಸಾಕಷ್ಟು ಉಳಿದಿರುತ್ತದೆ. ನೀರು ನೂಲಿಗೆ ಹಿಡಿಯದೆ ಕಮಾನಿನ ಮೇಲಿಂದ ಜಾರುತ್ತದೆ; ಒದ್ದೆಯಾದ ನೂಲು ಉಬ್ಬಿ ನೇಯ್ಗೆಯ ಕಂಡಿಯನ್ನು ತಾನೇ ಮುಚ್ಚುತ್ತದೆ. ಇಲ್ಲಿ ಒಂದೇ ಕಟ್ಟುನಿಟ್ಟು: ಒಳಗಿನಿಂದ ಕೈ ತಾಗಿಸಬಾರದು. ತಾಗಿಸಿದ ಜಾಗದಲ್ಲಿ ನೀರು ದಾರಿ ಹುಡುಕಿಕೊಂಡು ತೊಟ್ಟಿಕ್ಕಲು ಶುರು. ಗಾಡಿಯಲ್ಲಿ ಮಲಗಿದ ಮಕ್ಕಳು ಮೇಲಿನ ಚಾಪೆ ಕೆದಕಿ ಬೈಸಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಮುಂದೆ ಡಾಂಬರು ಬಳಿದ ದಪ್ಪ ಬಟ್ಟೆ, ಅಂದರೆ ಟಾರ್ಪಾಲು ಬಂತು. ಹೆಸರಿನಲ್ಲೇ ಡಾಂಬರು ಇದೆ. ಕಂಬಳಿಗಿಂತ ಅಗ್ಗವಲ್ಲದಿದ್ದರೂ ಮಡಿಸಿಡಲು ಸುಲಭ. ಆದರೆ ಮಡಿಸಿದ ಗೆರೆಯಲ್ಲೇ ಡಾಂಬರು ಬಿರಿದು ಸೋರುತ್ತಿತ್ತು. ಸಂದು ತಪ್ಪಿತೆನ್ನುವಷ್ಟರಲ್ಲಿ ಮಡಿಕೆ ಬಂತು.

ದಂಡಿನಲ್ಲಿ ಜಟಕಾ ಬಂದ ಮೇಲೆ ಚಾವಣಿಗೆ ಮರದ ಚೌಕಟ್ಟು, ಬಣ್ಣ ಬಳಿದ ಕ್ಯಾನ್ವಾಸು. ಶಿವಾಜಿನಗರ, ಹಲಸೂರುಗಳಲ್ಲಿ ಈ ಹೊದಿಕೆ ಹೊಲಿಯುವುದು ಒಂದು ಕಸುಬಾಯಿತು. ಜಟಕಾ ಮರೆಯಾಗಿ ಆಟೊ ಬಂದರೂ ಆ ಕಸುಬು ಉಳಿಯಿತು. ಆಟೊದ ಹುಡ್ ಹೊಲಿಯುವ ಅಂಗಡಿಯಲ್ಲಿ ಇಂದಿಗೂ ದಬ್ಬಳ, ಮೇಣದ ನೂಲು, ರೆಕ್ಸಿನ್ ಸುರುಳಿ ಕಾಣುತ್ತವೆ. ಅವರೂ ಮೊದಲು ನೋಡುವುದು ಹೊಲಿಗೆಯ ಸಾಲನ್ನೇ.

ಮರದ ಬೋಗಿಯ ನೆತ್ತಿ

ಮದ್ರಾಸ್ ರೈಲ್ವೆಯವರ ಜೋಲಾರ್‌ಪೇಟೆ ಮಾರ್ಗ ಬೆಂಗಳೂರು ದಂಡಿಗೆ ತೆರೆದದ್ದು 1864ರ ಆಗಸ್ಟ್ 1ರಂದು. ಆ ಕಾಲದ ಬೋಗಿಗಳು ಮರದವು. ಕೆಳಗೆ ಕಬ್ಬಿಣದ ಚೌಕಟ್ಟು, ಮೇಲೆ ತೇಗದ ಮನೆ. ಅದರ ಚಾವಣಿ ಮಾಡುತ್ತಿದ್ದುದು ಹಡಗಿನ ಅಟ್ಟದ ಮಾದರಿಯಲ್ಲಿ. ತೆಳು ಹಲಗೆಗಳನ್ನು ಒತ್ತಾಗಿ ಜೋಡಿಸಿ ಕಮಾನಾಗಿ ಬಾಗಿಸುವುದು, ಅದರ ಮೇಲೆ ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಬಿಳಿ ಬಣ್ಣವನ್ನು ದಪ್ಪಗೆ ಬಳಿಯುವುದು, ಆ ಬಣ್ಣ ಹಸಿಯಿರುವಾಗಲೇ ಕ್ಯಾನ್ವಾಸನ್ನು ಎಳೆದು ಹಾಸಿ ಅಂಚಿಗೆ ಮೊಳೆ ಹೊಡೆಯುವುದು, ಮತ್ತೆ ಮೇಲೆ ಬಣ್ಣದ ಮೇಲೆ ಬಣ್ಣ. ಹಲಗೆ ಬಿಸಿಲಿಗೆ ಬಿರಿದು ಮಳೆಗೆ ಉಬ್ಬಿದರೂ ಕ್ಯಾನ್ವಾಸು ಅದರ ಜೊತೆಗೇ ಎಳೆದಾಡಿಕೊಂಡು ಹರಿಯದೆ ಇರಬೇಕೆಂಬುದು ಇದರ ಹಿಂದಿನ ಯುಕ್ತಿ.

ಇಂಗ್ಲೆಂಡಿನ ಹವೆಗೆ ಇಷ್ಟು ಸಾಕಿತ್ತು. ಇಲ್ಲಿಯ ಬಿಸಿಲಿಗೆ ಸಾಲಲಿಲ್ಲ. ಆದ್ದರಿಂದ ಭಾರತದ ಬೋಗಿಗಳಿಗೆ ಚಾವಣಿಯ ಮೇಲೆ ಇನ್ನೊಂದು ಚಾವಣಿ ಹೊದಿಸಿ, ನಡುವೆ ಗಾಳಿಯಾಡಲು ಜಾಗ ಬಿಡುವ ಪದ್ಧತಿ ಬಂತು. ಕಿಟಕಿಯ ಮೇಲೂ ಇಳಿಬಿದ್ದ ಮರದ ಮರೆ. ಮೊದಮೊದಲ ಬೋಗಿಗಳಲ್ಲಿ ದೀಪವೂ ಸೂರಿನ ದಾರಿಯಿಂದಲೇ ಬರಬೇಕಿತ್ತು. ಸಂಜೆಯ ನಿಲ್ದಾಣದಲ್ಲಿ ದೀಪದಾಳು ಬೋಗಿಯಿಂದ ಬೋಗಿಗೆ ನೆತ್ತಿಯ ಮೇಲೆ ನಡೆದು, ತೂತಿನ ಮುಚ್ಚಳ ತೆಗೆದು ಉರಿಯುವ ಎಣ್ಣೆದೀಪವನ್ನು ಒಳಕ್ಕೆ ಇಳಿಬಿಡುತ್ತಿದ್ದ. ಬೆಳಕು ಬರುವ ತೂತಿನಿಂದಲೇ ಮಳೆಯೂ ಬರುತ್ತಿತ್ತು. ಆಳುಗಳ ಕಾಲಿನ ಸವೆತವೂ ಕ್ಯಾನ್ವಾಸಿಗೆ ತಪ್ಪಿದ್ದಲ್ಲ. ಚಾವಣಿಯನ್ನು ಕಾಯಬೇಕಾದವರೇ ಅದನ್ನು ಸವೆಸುವ ಈ ತೊಡಕು ಇಂದಿಗೂ ಬಗೆಹರಿದಿಲ್ಲ.

ರಾಜಮನೆತನದವರ ಬೋಗಿಗಳೂ ಇದೇ ಜಾತಿಯವು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1899ರ ಕಾಲದ ಮಹಾರಾಣಿಯವರ ಸಲೂನ್ ಇದೆ. ಅಡುಗೆಯ ಕೋಣೆ, ಊಟದ ಕೋಣೆ, ಶೌಚದ ಕೋಣೆ ಎಲ್ಲ ಇರುವ ನಿಜವಾದ ಓಡುವ ಮನೆ. ಅರಸೊತ್ತಿಗೆಯ ಬೋಗಿಗೂ ಮೂರನೆಯ ದರ್ಜೆಯ ಬೋಗಿಗೂ ಒಳಗಿನ ಗಾದಿಯಲ್ಲಿ ಭೂಮಿ ಆಕಾಶದಷ್ಟು ಅಂತರವಿದ್ದೀತು. ಆದರೆ ಸೋರದಿರಬೇಕಾದರೆ ಎರಡಕ್ಕೂ ಬೇಕಾದದ್ದು ಅದೇ ಬಣ್ಣ, ಅದೇ ಕಣ್ಣು.

ಮರದ ಬೋಗಿಯ ದೊಡ್ಡ ದೋಷ ಸೋರುವುದಲ್ಲ. ಅಪಘಾತವಾದರೆ ಅದು ಸೀಳಿ ಚೂರಾಗುತ್ತಿತ್ತು, ಒಂದರೊಳಗೊಂದು ನುಗ್ಗುತ್ತಿತ್ತು, ಬೆಂಕಿ ಹತ್ತಿದರೆ ಉರಿದು ಹೋಗುತ್ತಿತ್ತು. ಲೋಹದ ಬೋಗಿ ಬೇಕೆಂಬ ಕೂಗು ಎದ್ದದ್ದು ಜೀವದ ಪ್ರಶ್ನೆಯಿಂದ. ಅದಕ್ಕೆ ಭಾರತದಲ್ಲಿ ಮೊದಲು ಉತ್ತರ ಕೊಟ್ಟವರಲ್ಲಿ ಬೆಂಗಳೂರಿನ ಒಂದು ವಿಮಾನ ಕಾರ್ಖಾನೆಯೂ ಇದ್ದದ್ದು ಚರಿತ್ರೆಯ ತಮಾಷೆ.

ವಿಮಾನದ ಕೈ, ರೈಲಿನ ಮೈ

1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನೊಂದಿಗೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲ. 1942ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಮರುವರ್ಷ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ಆ ಭಾಗದ ಯುದ್ಧವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಸುತ್ತಲಿನ ಊರುಗಳ ಸಾವಿರಾರು ಜನ ಅಲ್ಲಿ ತಗಡು ಕತ್ತರಿಸುವುದು, ಬಾಗಿಸುವುದು, ರಿವೆಟ್ ಹೊಡೆಯುವುದು ಕಲಿತರು. 1945ರಲ್ಲಿ ಯುದ್ಧ ಮುಗಿಯಿತು. ದುರಸ್ತಿಗೆ ವಿಮಾನಗಳು ಕಡಿಮೆಯಾದವು. ಕಲಿತ ಕೈಗಳಿಗೆ ಕೆಲಸ ಏನು?

ಬಂದ ಉತ್ತರ ಎರಡು: ಬಸ್ಸಿನ ಬಾಡಿ ಕಟ್ಟುವುದು, ರೈಲು ಬೋಗಿ ಮಾಡುವುದು. ವಿಮಾನದ ಮೈ ಎಂದರೆ ಪಕ್ಕೆಲುಬಿನಂಥ ಚೌಕಟ್ಟಿನ ಮೇಲೆ ತೆಳು ತಗಡಿನ ಚರ್ಮ. ಬಸ್ಸು, ಬೋಗಿಗಳ ಮೈಯೂ ಅದೇ ಬಗೆಯದಾಗಬಹುದು. ಹೀಗೆ ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಎಚ್‌ಎಎಲ್‌ನಿಂದ ಪೂರ್ಣ ಲೋಹದ ಮೂರನೆಯ ದರ್ಜೆಯ ಬೋಗಿಗಳು ಹೊರಬರತೊಡಗಿದವು. ಮದ್ರಾಸಿನ ಪೆರಂಬೂರಿನಲ್ಲಿ ಸ್ವಿಸ್ ಸಹಯೋಗದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಉದ್ಘಾಟನೆಯಾದದ್ದು 1955ರ ಅಕ್ಟೋಬರ್ 2ರಂದು. ಬೆಂಗಳೂರಿನದು ಅದಕ್ಕಿಂತ ಹಿಂದಿನದು. 1964ರಲ್ಲಿ ಭಾರತ್ ಅರ್ತ್ ಮೂವರ್ಸ್, ಅಂದರೆ ಬಿಇಎಂಎಲ್ ಹುಟ್ಟಿದಾಗ ಎಚ್‌ಎಎಲ್‌ನ ಬೋಗಿ ವಿಭಾಗ ಅದಕ್ಕೆ ಸೇರಿತು. 1965ರ ಜನವರಿ 1ರಿಂದ ಹೊಸ ಸಂಸ್ಥೆ ಕೆಲಸ ಆರಂಭಿಸಿತು. ತಿಪ್ಪಸಂದ್ರ, ಕಗ್ಗದಾಸಪುರ, ಸಿ.ವಿ. ರಾಮನ್ ನಗರಗಳು ಬೆಳೆದದ್ದು ಈ ಕಾರ್ಖಾನೆಗಳ, ನೆರೆಯ ರಕ್ಷಣಾ ಸಂಶೋಧನಾಲಯಗಳ ನೌಕರರ ಮನೆಗಳಿಂದ. ಹಳೆ ಮದ್ರಾಸು ರಸ್ತೆಯಿಂದ ವಿಮಾನಪುರದ ಕಡೆಗೆ ಹೋಗುವ ರಸ್ತೆಗೆ 1970ರಲ್ಲಿ ವಿಮಾನ ಪರೀಕ್ಷಿಸುತ್ತ ಪ್ರಾಣಬಿಟ್ಟ ಸುರಂಜನ್ ದಾಸ್ ಅವರ ಹೆಸರಿದೆ. ಬೋಗಿಯ ಚಾವಣಿಗೆ ಬೆಸುಗೆ ಹಾಕಿದವರ ಹೆಸರಿನ ರಸ್ತೆ ಇಲ್ಲ, ಇರಬೇಕೆಂದೂ ಅಲ್ಲ.

ಲೋಹದ ಚಾವಣಿ ಕ್ಯಾನ್ವಾಸಿನ ಕಾಟ ತಪ್ಪಿಸಿತು, ನಿಜ. ಆದರೆ ತನ್ನದೇ ಕಾಟಗಳನ್ನು ತಂದಿತು. ಮೊದಲನೆಯದು ಹಿಗ್ಗುವುದು, ಕುಗ್ಗುವುದು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಮಿಲಿಮೀಟರಿನ ಸಾವಿರದ 12 ಭಾಗದಷ್ಟು ಉದ್ದವಾಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಪೆರಂಬೂರು ಮಾದರಿಯ ಬೋಗಿಯ ಉದ್ದ 21 ಮೀಟರಿಗೂ ಮಿಕ್ಕು. ಬೆಳಗಿನ ಜಾವ 20 ಡಿಗ್ರಿಯಿದ್ದ ಚಾವಣಿ ಮಧ್ಯಾಹ್ನದ ಬಿಸಿಲಿನಲ್ಲಿ 60 ಮುಟ್ಟಿದರೆ, ಅಡ್ಡಿಯಿಲ್ಲದಿದ್ದಲ್ಲಿ ಅದು ಒಂದು ಸೆಂಟಿಮೀಟರಿನಷ್ಟು ಬೆಳೆಯಬೇಕು. ಅಲ್ಯೂಮಿನಿಯಂ ಇದರ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ರಿವೆಟ್ ಹೊಡೆದಿದ್ದರೆ, ಆರು ಮೀಟರಿನ ಬಸ್ಸಿನಲ್ಲಿ ಎರಡರ ನಡುವೆ ಎರಡೂವರೆ ಮಿಲಿಮೀಟರಿನ ಜಗಳ. ಪ್ರತಿ ದಿನ, ಪ್ರತಿ ಬಿಸಿಲಿಗೆ ಈ ಜಗಳ ನಡೆದು ರಿವೆಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ರಸ್ತೆಯ ಕುಲುಕಾಟ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಎರಡನೆಯದು ಬೆವರು. ಚಳಿಗಾಲದ ರಾತ್ರಿ ಹೊರಗೆ ತಂಪು, ಒಳಗೆ ಎಪ್ಪತ್ತು ಜನರ ಉಸಿರು. ತಣ್ಣನೆಯ ತಗಡಿಗೆ ಆ ಹಬೆ ತಾಗಿ ಹನಿಯಾಗುತ್ತದೆ. ಮಳೆಯಿಲ್ಲದ ದಿನ ಸೋರುತ್ತಿದೆ ಎಂದು ದೂರು ಬಂದರೆ ಅನುಭವಿ ಕೆಲಸಗಾರ ಮೊದಲು ಕೇಳುವುದು ಇದನ್ನೇ. ಬಿಸಿ, ಬೆವರು, ಮಳೆಯ ಸದ್ದು ಮೂರನ್ನೂ ತಡೆಯಲು ಹೊರ ತಗಡು, ಒಳ ಹಲಗೆಗಳ ನಡುವೆ ಗಾಜಿನ ಉಣ್ಣೆ ತುಂಬಿದರು. ಅದು ಒಣಗಿರುವವರೆಗೆ ಒಳ್ಳೆಯದು. ಒಂದು ಸಣ್ಣ ಸಂದಿನಿಂದ ನೀರು ಇಳಿದರೆ ಅದನ್ನು ಹೀರಿ ಹಿಡಿದುಕೊಂಡು, ತಗಡನ್ನು ಒಳಗಿನಿಂದಲೇ ತುಕ್ಕು ತಿನ್ನಿಸುತ್ತದೆ. ಗಾಡಿಯ ಚಾಪೆ ಸೋರಿದರೆ ಸೋರಿದ ಜಾಗ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ನೀರು ಬೀಳುವ ಜಾಗಕ್ಕೂ ನುಗ್ಗಿದ ಜಾಗಕ್ಕೂ ಎರಡು ಮೀಟರ್ ಅಂತರವಿದ್ದರೂ ಇದ್ದೀತು.

ಬಸ್ಸಿನ ಕತೆ ಇನ್ನೂ ಕಷ್ಟದ್ದು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಬಸ್ಸಿನ ಚಾವಣಿ ಬರಿಯ ಸೂರಲ್ಲ, ಅದು ಅಟ್ಟವೂ ಹೌದು. ಹಿಂದುಗಡೆ ಏಣಿ, ಮೇಲೆ ಕಂಬಿಯ ಕಟಕಟೆ. ಅದರೊಳಗೆ ಬಾಳೆಗೊನೆ, ಹಲಸಿನ ಹಣ್ಣು, ಸೈಕಲ್ಲು, ಮದುವೆಯ ಪಾತ್ರೆ, ಟ್ರಂಕು, ಕಾಲು ಕಟ್ಟಿದ ಕುರಿ. ಜಾತ್ರೆಯ ಕಾಲದಲ್ಲಿ ಜನ ಕೂಡ. ಈ ಕಟಕಟೆಯ ಪ್ರತಿ ಕಾಲೂ ಚಾವಣಿಯನ್ನು ತೂತು ಮಾಡಿ ಕೆಳಗಿನ ಕಮಾನಿಗೆ ಬೋಲ್ಟು ಹಾಕಿಸಿಕೊಂಡಿರುತ್ತದೆ. ತೂತಿಗೆ ರಬ್ಬರಿನ ಬಿಲ್ಲೆ, ಮೇಲೆ ಮೇಣದಂಥ ಅಂಟು. ಮೇಲಿನ ಭಾರ ತಿರುವುಗಳಲ್ಲಿ ವಾಲಿದಂತೆಲ್ಲ ಬೋಲ್ಟು ತೂತನ್ನು ಅಗಲಿಸುತ್ತದೆ, ರಬ್ಬರು ಬಿಸಿಲಿಗೆ ಬಿರಿಯುತ್ತದೆ. ಮಳೆಗಾಲದಲ್ಲಿ ಬಸ್ಸಿನೊಳಗೆ ಕೊಡೆ ಬಿಡಿಸಿ ಕೂತವರ ನಗೆಚಿತ್ರಗಳು ಕನ್ನಡ ಪತ್ರಿಕೆಗಳಲ್ಲಿ ಬಂದದ್ದು ಕಲ್ಪನೆಯಿಂದಲ್ಲ. ದೂರಪ್ರಯಾಣದ ಬಸ್ಸುಗಳಲ್ಲಿ ಸಾಮಾನು ಕೆಳಗಿನ ಗೂಡಿಗೆ ಇಳಿದದ್ದು ಪ್ರಯಾಣಿಕರಿಗೆ ಅನುಕೂಲವೆಂದು ಮಾತ್ರವಲ್ಲ. ಚಾವಣಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಲಿಲ್ಲ.

ನೆತ್ತಿ ಹತ್ತುವವರು

ರೈಲಿನ ಚಾವಣಿಗೆ ಒಂದು ಭಾಗ್ಯವಿದೆ: ಅದನ್ನು ನೋಡಿಕೊಳ್ಳಲು ವ್ಯವಸ್ಥೆ ಇದೆ. ನಿಗದಿತ ಅವಧಿಗೊಮ್ಮೆ ಬೋಗಿ ಕಾರ್ಯಾಗಾರಕ್ಕೆ ಹೋಗಲೇಬೇಕು. 1885ರಷ್ಟು ಹಳೆಯ ಹುಬ್ಬಳ್ಳಿಯ ಕಾರ್ಯಾಗಾರ, ಮೈಸೂರಿನ ಅಶೋಕಪುರಂನಲ್ಲಿ 1924ರಲ್ಲಿ ಆರಂಭವಾದ ಕಾರ್ಯಾಗಾರ ಇವೆರಡೂ ನಾಡಿನಲ್ಲಿ ಈ ಕೆಲಸಕ್ಕೆ ಹೆಸರಾದವು. ಬೋಗಿಯ ಹಳೆ ಬಣ್ಣ ಕೆರೆದು, ತುಕ್ಕು ತಿಂದ ತಗಡು ಕತ್ತರಿಸಿ ತೇಪೆ ಬೆಸೆದು, ಮೇಲಿಂದ ನೀರು ಸುರಿಸಿ ಒಳಗೆ ಕೂತು ನೋಡುವುದು ಅಲ್ಲಿಯ ಕ್ರಮ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ತಗಡು ಗಣಗಣ ಎನ್ನುತ್ತದೆ, ಹೊಟ್ಟೆ ಟೊಳ್ಳಾದದ್ದು ಬದ್ದೆನ್ನುತ್ತದೆ. ಕಿವಿಗೆ ಇದನ್ನು ಕಲಿಸಲು ವರ್ಷಗಳು ಬೇಕು.

ಕಾರ್ಯಾಗಾರದ ಹೊರಗೆ ಚಾವಣಿ ಹತ್ತುವುದು ಅಪಾಯದ ಕೆಲಸ. ಹಿಂದೆ ನಿಲ್ದಾಣಗಳಲ್ಲಿ ಆಳುಗಳು ಬೋಗಿಯ ನೆತ್ತಿಯ ಮೇಲೆ ನಡೆದು ಶೌಚಾಲಯದ ತೊಟ್ಟಿಗೆ ನೀರು ತುಂಬುತ್ತಿದ್ದ ಕಾಲವಿತ್ತು. ನಂತರ ಪಕ್ಕದಿಂದ ಕೊಳವೆಯಲ್ಲಿ ತುಂಬುವ ವ್ಯವಸ್ಥೆ ಬಂತು. ವಿದ್ಯುತ್ ಮಾರ್ಗ ಬಂದ ಮೇಲಂತೂ ನೆತ್ತಿಯ ಮೇಲೆ 25 ಸಾವಿರ ವೋಲ್ಟಿನ ತಂತಿ ತೂಗುತ್ತಿದೆ. ತಂತಿಯನ್ನು ಮುಟ್ಟಬೇಕೆಂದಿಲ್ಲ, ಹತ್ತಿರ ಹೋದರೆ ಸಾಕು. ವಿದ್ಯುತ್ ಕಡಿದು, ತಂತಿಯನ್ನು ಭೂಮಿಗೆ ಸೇರಿಸಿದ ಮೇಲೆಯೇ ಹತ್ತಬೇಕೆಂಬ ನಿಯಮ ಹುಟ್ಟಿದ್ದು ಕಾಗದದ ಮೇಲಲ್ಲ, ಸುಟ್ಟ ಮೈಗಳಿಂದ. ಪ್ರತಿ ಹಬ್ಬಕ್ಕೂ ಟಿಕೇಟಿಲ್ಲದೆ ರೈಲಿನ ಮೇಲೆ ಹತ್ತುವ ಹುಡುಗರಿಗೆ ಇದನ್ನು ಹೇಳುವವರು ಸಾಲದು.

ಬಿಇಎಂಎಲ್ ಬೋಗಿಗಳು ಮೆಟ್ರೊ ಮಾರ್ಗದಲ್ಲೂ ಓಡುತ್ತಿವೆ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ 2011ರ ಅಕ್ಟೋಬರ್ 20ರಂದು ಹೊರಟ ನಮ್ಮ ಮೆಟ್ರೊದಲ್ಲಿ ತಂತಿ ಮೇಲಿಲ್ಲ. 750 ವೋಲ್ಟಿನ ಮೂರನೆಯ ಹಳಿ ಕೆಳಗಿದೆ. ಮೈ ತುಕ್ಕು ಹಿಡಿಯದ ಉಕ್ಕಿನದು. ಹಾಗಾದರೆ ಚಾವಣಿಗೆ ವಿಶ್ರಾಂತಿ ಸಿಕ್ಕಿತೆ? ಇಲ್ಲ. ಅದರ ಮೇಲೆ ಹವಾನಿಯಂತ್ರಕ ಬಂದು ಕೂತಿತು. ಹೊಸ ರೈಲುಗಳ ಹವಾನಿಯಂತ್ರಿತ ಬೋಗಿಗಳಲ್ಲೂ ಯಂತ್ರ ಇರುವುದು ಅಲ್ಲೇ. ಗಾಳಿಯನ್ನು ತಂಪು ಮಾಡುವಾಗ ಯಂತ್ರ ತಾನೇ ನೀರು ಬಿಡುತ್ತದೆ. ಆ ನೀರು ಹರಿದುಹೋಗುವ ಕೊಳವೆಯಲ್ಲಿ ಧೂಳು, ಎಲೆ ಕಟ್ಟಿಕೊಂಡರೆ ಮೇಲಿನ ಬರ್ತಿನವರ ಹೊದಿಕೆಗೆ ತೊಟ್ಟಿಕ್ಕುತ್ತದೆ. ಬೇಸಗೆಯ ನಟ್ಟನಡುವೆ ಬೋಗಿ ಸೋರಿತೆಂದು ಬೈಯುವವರು ಮಳೆಯನ್ನು ಹುಡುಕಿ ಪ್ರಯೋಜನವಿಲ್ಲ.

ಇನ್ನು ಕ್ಯಾರವಾನ್. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರ ಹೊತ್ತಿಗೇ ಇದಕ್ಕೊಂದು ನೀತಿ ರೂಪಿಸಿತ್ತು. ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿಯಲ್ಲೂ ಅದಕ್ಕೆ ಜಾಗವಿತ್ತು. ವ್ಯಾನಿನ ಅಥವಾ ಬಸ್ಸಿನ ಚಾಸಿಯ ಮೇಲೆ ಹಾಸಿಗೆ, ಒಲೆ, ಶೌಚಾಲಯ ಕೂರಿಸಿದ ವಾಹನಗಳು ಕೊಡಗು, ಹಂಪಿ, ಕರಾವಳಿಯ ದಾರಿಗಳಲ್ಲಿ ಕಾಣುತ್ತಿವೆ. ಇದರ ಚಾವಣಿಯಷ್ಟು ತೂತು ಬಿದ್ದ ಚಾವಣಿ ಚರಿತ್ರೆಯಲ್ಲೇ ಇಲ್ಲ. ಹವಾನಿಯಂತ್ರಕಕ್ಕೊಂದು, ಹೊಗೆ ಹೋಗಲೊಂದು, ಬೆಳಕಿನ ಕಿಂಡಿಗೊಂದು, ಸೌರಫಲಕದ ಕಾಲುಗಳಿಗೆ ನಾಲ್ಕು, ಅದರ ತಂತಿಗೊಂದು. ಆದರೆ ರೈಲಿಗಿರುವ ಕಾರ್ಯಾಗಾರ ಇದಕ್ಕಿಲ್ಲ, ಬಸ್ಸಿಗಿರುವ ಡಿಪೊ ಇಲ್ಲ. ಗಾಡಿಯ ಯಜಮಾನನಂತೆ ಇಲ್ಲಿಯೂ ಯಜಮಾನನೇ ಇಳಿದು ಗಂಟು ಬಿಗಿಯಬೇಕು. ಗಂಟು ಎಲ್ಲಿದೆಯೆಂದು ಅವನಿಗೆ ಯಾರೂ ತೋರಿಸಿಲ್ಲ ಎನ್ನುವುದೇ ತೊಂದರೆ.

ಎಂಜಿನ್ನಿನ ಎಣ್ಣೆ ಬದಲಿಸಲು ಮರೆಯದವರು ಮೇಲೆ ಹತ್ತಿ ನೋಡುವುದಿಲ್ಲ. ಹಾಸಿಗೆಯ ಬಳಿಯ ಹಲಗೆ ಉಬ್ಬಿ ಮುಗ್ಗಲು ವಾಸನೆ ಬಂದಾಗ ನೋಡಿದರೆ, ನೀರು ಒಳಗೆ ನುಗ್ಗಿ ಎರಡು ಮಳೆಗಾಲ ಕಳೆದಿರುತ್ತದೆ. ಆಗ ಸಿಲಿಕೋನ್ ಕೊಳವೆ ತಂದು ಹಳೆಯ ಅಂಟಿನ ಮೇಲೆಯೇ ಬಳಿಯುವುದು ವಾಡಿಕೆ. ಹಳೆಯ ಸಿಲಿಕೋನಿನ ಮೇಲೆ ಹೊಸದು ಹಿಡಿಯುವುದಿಲ್ಲ. ನೋಡಲು ಮುಚ್ಚಿದಂತಿದ್ದು ಅಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಹಳೆಯದನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿ ಆಮೇಲೆ ಹಾಕಬೇಕು. ರಬ್ಬರಿನ ಹಾಳೆ ಹೊದಿಸಿದ ಚಾವಣಿಯನ್ನು ಸೀಮೆಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ಒರೆಸಬಾರದು. ರಬ್ಬರು ಉಬ್ಬಿ ಅಂಟು ಬಿಡುತ್ತದೆ. ಸಾಬೂನು ನೀರು ಸಾಕು. ಮಾವಿನ ಮರದ ನೆರಳು ಹಿತವೆಂದು ತಿಂಗಳುಗಟ್ಟಲೆ ಅಡಿಯಲ್ಲಿ ನಿಲ್ಲಿಸಿದರೆ ಎಲೆ, ಸೋನೆ, ಹಕ್ಕಿಯ ಹಿಕ್ಕೆ ಸೇರಿ ನೀರಿನ ದಾರಿ ಕಟ್ಟುತ್ತವೆ.

ಪರೀಕ್ಷೆಯ ವಿಧಾನ ಅಶೋಕಪುರಂನದೇ. ಒಬ್ಬರು ಒಳಗೆ ಟಾರ್ಚು ಹಿಡಿದು ಕೂರಬೇಕು. ಇನ್ನೊಬ್ಬರು ಏಣಿಯ ಮೇಲೆ ನಿಂತು, ಚಾವಣಿಗೆ ಕಾಲಿಡದೆ, ಇಳಿಜಾರಿನ ಕೆಳಗಿನ ಅಂಚಿನಿಂದ ಶುರುಮಾಡಿ ಮೇಲಕ್ಕೆ, ಒಂದೊಂದೇ ಸಂದಿಗೆ ನಿಧಾನವಾಗಿ ನೀರು ಬಿಡಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆದು, ತಪ್ಪು ಯಾವುದರದೆಂದು ತಿಳಿಯದು. ಒಂದೊಂದು ಸಂದಿಗೂ ಹತ್ತು ನಿಮಿಷ ಬೇಕು. ಬೆಂಗಳೂರಿನ ಹವೆಗೆ ವರ್ಷಕ್ಕೆ ಎರಡು ಸಲ: ಏಪ್ರಿಲ್ ಕೊನೆಗೆ ಭರಣಿ ಮಳೆ ಬೀಳುವ ಮುಂಚೆ ಒಮ್ಮೆ, ಹಿಂಗಾರಿಗೆ ಮೊದಲು ಇನ್ನೊಮ್ಮೆ. ಗಾಡಿಯ ಕಮಾನು ಇಳಿಸಿ ಹುರಿ ಬಿಗಿಯುತ್ತಿದ್ದುದೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ.

ಮೈಸೂರಿನ ಮಹಾರಾಣಿಯವರ ಸಲೂನಿಗೆ ಈ ಚಿಂತೆಯಿಲ್ಲ. 1979ರಲ್ಲಿ ಆರಂಭವಾದ ಆ ವಸ್ತುಸಂಗ್ರಹಾಲಯದಲ್ಲಿ ಉಗಿಬಂಡಿಗಳೆಲ್ಲ ಬಯಲಿನಲ್ಲಿ ನಿಂತಿವೆ; ರಾಜಮನೆತನದ ಬೋಗಿಗಳನ್ನು ಮಾತ್ರ ಶ್ರೀರಂಗ ಮಂಟಪವೆಂಬ ಕಟ್ಟಡದೊಳಗೆ, ಇನ್ನೊಂದು ಸೂರಿನ ಕೆಳಗೆ ಇರಿಸಿದ್ದಾರೆ.